ಅಲೆಗೆರೆಯಿಂದ ಗಣಕಯಂತ್ರಕ್ಕೆ

ಕನ್ನಡ ನಿಘಂಟಿನ ಚರಿತ್ರೆಯಲ್ಲಿ ನಮ್ಮ ಈ ಚೆನ್ನೈಗೂ ಒಂದು ಸ್ಥಾನವುಂಟು. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಪ್ರೊ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ನಿಘಂಟಿನಲ್ಲಿ ಪದವೊಂದು ಬಗೆಯಾಗಿ, ಅರ್ಥವೊಂದು ಬಗೆಯಾಗಿ ಕಂಡರೆ ಓದುಗನಿಗೆ ಅನುಕೂಲ. ಅಚ್ಚುಮೊಳೆಯ ಕಾಲದಲ್ಲಿ ಇದೆಲ್ಲ ಕೈಗೆಲಸ. ಕರಡಿನಲ್ಲಿ ಪದದ ಕೆಳಗೆ ನೇರ ಗೆರೆ ಎಳೆದರೆ ಓರೆಯಕ್ಷರ, ಅಲೆಗೆರೆ ಎಳೆದರೆ ದಪ್ಪಕ್ಷರ ಎಂಬುದು ಮುದ್ರಣದವರ ಸಂಕೇತ. ಅದನ್ನು ನೋಡಿ ಕಂಪಾಸಿಟರು ಬೇರೆ ಮೊಳೆಯನ್ನು ಆಯ್ದು ಜೋಡಿಸಬೇಕಾಗಿತ್ತು. ನಮ್ಮ ಕಚೇರಿಗಳ ಟೈಪ್‌ರೈಟರಿಗೋ ಅಡಿಗೆರೆಯೊಂದೇ ಗತಿ.

1978ರಲ್ಲಿ ಬಂದ ವರ್ಡ್‌ಸ್ಟಾರ್‌ನಲ್ಲಿ ದಪ್ಪಕ್ಷರ ಬೇಕಾದ ಪದದ ಎರಡು ಕಡೆಗೂ ಸಂಕೇತವನ್ನು ಇಡಬೇಕಾಗಿತ್ತು. ಅಲೆಗೆರೆಯೇ ಯಂತ್ರದೊಳಗೆ ಹೊಕ್ಕಂತೆ. ಇಂದಿನ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಕೆಲಸ ಇನ್ನೂ ಸುಲಭ. ಕಂಟ್ರೋಲ್ ಎಚ್ ಒತ್ತಿ, ಮೇಲಿನ ಚೌಕದಲ್ಲಿ ಹುಡುಕಬೇಕಾದ ಪದವನ್ನು ಬರೆದು, ಕೆಳಗಿನ ಚೌಕವನ್ನು ಖಾಲಿ ಬಿಟ್ಟು, ಅಲ್ಲಿಯೇ ಕಂಟ್ರೋಲ್ ಬಿ ಒತ್ತಿ 'ರಿಪ್ಲೇಸ್ ಆಲ್' ಎಂದರಾಯಿತು: ನೂರು ಪುಟಗಳಲ್ಲಿಯೂ ಆ ಪದ ದಪ್ಪಗಾಗುತ್ತದೆ. ಕಂಟ್ರೋಲ್ ಬಿ ಒತ್ತಲು ಮರೆತರೆ ಮಾತ್ರ ಪದವೇ ಅಳಿಸಿಹೋಗುತ್ತದೆ!

ಆದರೆ ಯಂತ್ರಕ್ಕೆ ಅಕ್ಷರ ಗೊತ್ತು, ಭಾಷೆ ಗೊತ್ತಿಲ್ಲ. 'ಮರ' ಎಂದು ಹುಡುಕಿಸಿದರೆ 'ಅಮರ', 'ಸಮರ'ಗಳೊಳಗಿನ ಮರವೂ ದಪ್ಪಗಾದೀತು. ಪೂರ್ಣ ಪದ ಮಾತ್ರ ಸಾಕೆಂದು ಕಟ್ಟಳೆ ಹಾಕಿದರೆ 'ಮರಕ್ಕೆ', 'ಮರದಲ್ಲಿ' ಬಿಟ್ಟುಹೋಗುತ್ತವೆ. ಇಂಗ್ಲಿಷಿನಲ್ಲಿ 'ಟು', 'ಇನ್' ಎಂಬ ಮಾತುಗಳು ಬೇರೆಯಾಗಿ ನಿಲ್ಲುತ್ತವೆ. ನಮ್ಮ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಆದ್ದರಿಂದ ಒಂದೊಂದಾಗಿ ಹುಡುಕಿ, ಇದು ಹೌದು, ಅದು ಅಲ್ಲ ಎಂದು ಕನ್ನಡ ಬಲ್ಲವರೇ ತೀರ್ಮಾನಿಸಬೇಕು.

ಇಲ್ಲಿಯೇ ನಮ್ಮ ಚಿಂತೆ. ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಕೀಲಿಮಣೆ ಕರಗತ, ಕನ್ನಡದ ಓದು ಅಷ್ಟಕ್ಕಷ್ಟೆ. ಹಿರಿಯರಿಗೆ ಕನ್ನಡ ಬಾಯಿಪಾಠ, ಯಂತ್ರವೆಂದರೆ ಹಿಂಜರಿಕೆ. ಇಬ್ಬರೂ ಕೂಡಿದರೆ ಮಾತ್ರ ಕೆಲಸ ಆದೀತು. ತಮಿಳಿನ ನಡುವೆ ತಲೆಮಾರುಗಳಿಂದ ಉಳಿದು ಬಂದ ನಮ್ಮ ಮನೆಮಾತಿನ ಪದಗಳನ್ನು ಪಟ್ಟಿ ಮಾಡುವುದರಿಂದಲೇ ಆರಂಭಿಸಬಹುದು. ಅಜ್ಜಿ ಹೇಳಲಿ, ಮೊಮ್ಮಗಳು ಟೈಪು ಮಾಡಲಿ. ಅಲೆಗೆರೆ ಎಲ್ಲಿ ಬೇಕೆಂಬುದನ್ನು ಅಜ್ಜಿಯೇ ತೋರಿಸಲಿ.