ಹುಲಿಯ ಬಣ್ಣ

ಹುಲಿವೇಷಕ್ಕಾಗಿ ಮೈಗೆ ಬಣ್ಣ ಬಳಿಸಿಕೊಳ್ಳುವವರನ್ನು ನೀವು ಕಂಡಿರಬಹುದು. ಒಂದು ಬಣ್ಣ ಒಣಗಿದ ಮೇಲೆಯೇ ಮತ್ತೊಂದು. ಅಲ್ಲಿಯವರೆಗೆ ಆತ ಕೈಕಾಲು ಚಾಚಿ ನಿಂತಿರಬೇಕು. ಈ ದಿನ ನಾನು ಹೇಳಹೊರಟಿರುವುದೂ ಹುಲಿಗೆ ಬಣ್ಣ ಹಚ್ಚಿದ ಸಂಗತಿಯನ್ನೇ. ಆದರೆ ಇದು ಉಕ್ಕಿನ ಹುಲಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ 'ಟೈಗರ್' ಎಂಬ ಟ್ಯಾಂಕು.

ನನ್ನ ಮೊಮ್ಮಗನಿಗೆ ಅದರ ಮಾದರಿಯೊಂದು ಉಡುಗೊರೆಯಾಗಿ ಬಂದಿತು. ಮೂಲದ ಹದಿನಾರನೆಯ ಒಂದು ಭಾಗದಷ್ಟು ದೊಡ್ಡದು. ಫಿರಂಗಿಯ ತುದಿಯವರೆಗೆ ಅಳೆದರೆ ಅರ್ಧ ಮೀಟರಿಗೂ ತುಸು ಹೆಚ್ಚು ಉದ್ದ. ರೇಡಿಯೋ ಅಲೆಗಳ ಆಜ್ಞೆಯಂತೆ ನಡೆಯುತ್ತದೆ, ಗೋಪುರ ತಿರುಗಿಸುತ್ತದೆ. ಬಣ್ಣವನ್ನು ಮಾತ್ರ ನಾವೇ ಹಚ್ಚಬೇಕು. ಹುಡುಗನ ಅಪೇಕ್ಷೆ ಸ್ಪಷ್ಟವಾಗಿತ್ತು: ಮೈತುಂಬ ತುಕ್ಕು, ಗುಂಡೇಟಿನ ಕಲೆ, ಸುತ್ತ ಮರಳುಗಾಡಿನ ಹಳದಿ. ನಾನು ಇತಿಹಾಸ ಬೋಧಿಸಿ ನಿವೃತ್ತನಾದವನು. ಕುಂಚ ಹಿಡಿಯುವ ಮೊದಲು ನಿಜದ ಹುಲಿ ಹೇಗಿತ್ತೆಂದು ನೋಡೋಣ ಎಂದೆ.

ಇಂಗ್ಲೆಂಡಿನ ಬೋವಿಂಗ್ಟನ್‌ನ ಟ್ಯಾಂಕು ಸಂಗ್ರಹಾಲಯದಲ್ಲಿ ಅಂಥದೊಂದು ಹುಲಿಯಿದೆ. ಗೋಪುರದ ಮೇಲಿನ ಅಂಕೆ 131. 1943ರ ಏಪ್ರಿಲಿನಲ್ಲಿ ಟ್ಯುನೀಸಿಯಾದ ಗುಡ್ಡಗಳ ನಡುವೆ ಬ್ರಿಟಿಷರ ಗುಂಡೊಂದು ತಗುಲಿ ಅದರ ಗೋಪುರ ತಿರುಗದಂತಾಯಿತು. ಒಳಗಿದ್ದವರು ಅದನ್ನು ಬಿಟ್ಟು ಹೋದರು. ಬ್ರಿಟಿಷರು ಅದನ್ನು ಹಡಗಿನಲ್ಲಿ ತಂದು ಬಿಚ್ಚಿ ಪರೀಕ್ಷಿಸಿದರು. 1951ರಲ್ಲಿ ಅದು ಸಂಗ್ರಹಾಲಯ ಸೇರಿತು. ದೀರ್ಘ ಪುನರುದ್ಧಾರದ ಬಳಿಕ ಮತ್ತೆ ತನ್ನ ಬಲದಿಂದಲೇ ಚಲಿಸತೊಡಗಿತು. 2012ರಲ್ಲಿ ಅದಕ್ಕೆ ಯುದ್ಧಕಾಲದ ಬಣ್ಣವನ್ನು ಮರಳಿ ಹಚ್ಚಿದರು. ಕಲಿತ ವಿದ್ವಾಂಸರು ಒಂದು ಬಣ್ಣಕ್ಕಾಗಿ ಇಷ್ಟು ಶ್ರಮಪಡುವುದು ವಿಚಿತ್ರವೆನಿಸಬಹುದು. ಆದರೆ ಬಣ್ಣವೂ ಒಂದು ದಾಖಲೆಯೇ.

ಜರ್ಮನ್ ಸೈನ್ಯದಲ್ಲಿ ಬಣ್ಣಕ್ಕೂ ರಾಜಾಜ್ಞೆಯಿತ್ತು. 1940ರಲ್ಲಿ ವಾಹನಗಳಿಗೆಲ್ಲ ಕಡು ಬೂದು. 1941ರ ಮಾರ್ಚಿನಲ್ಲಿ ಆಫ್ರಿಕಕ್ಕೆ ಹೋಗುವವುಗಳಿಗೆ ಹಳದಿಗಂದು, ಅದರ ಮೇಲೆ ಬೂದುಹಸಿರಿನ ಪಟ್ಟೆ. ಮರುವರ್ಷವೇ ಆ ಜೋಡಿಯ ಬದಲು ಇನ್ನೊಂದು ಜೋಡಿ. 1943ರ ಫೆಬ್ರವರಿಯಲ್ಲಿ ಎಲ್ಲ ರಣರಂಗಗಳಿಗೂ ಒಂದೇ ಮೂಲವರ್ಣ, ಮಂಕು ಹಳದಿ; ಮೇಲೆ ಹಸಿರನ್ನೋ ಕೆಂಗಂದನ್ನೋ ಸೈನಿಕರೇ ಹಚ್ಚಿಕೊಳ್ಳಬೇಕು. ಆ ಬಣ್ಣ ಗಟ್ಟಿ ಸರಿಯಂತೆ ಡಬ್ಬಿಗಳಲ್ಲಿ ಬರುತ್ತಿತ್ತು. ಸಿಕ್ಕಿದರೆ ಪೆಟ್ರೋಲು, ಇಲ್ಲದಿದ್ದರೆ ನೀರು ಬೆರೆಸಿ ತೆಳುವಾಗಿಸಬೇಕು. ಆದ್ದರಿಂದ ಒಂದೇ ಪಡೆಯ ಎರಡು ಟ್ಯಾಂಕುಗಳೂ ಒಂದೇ ಬಣ್ಣದಲ್ಲಿರುತ್ತಿರಲಿಲ್ಲ. ಆಜ್ಞೆ ಬರ್ಲಿನ್ನಿನದು, ನೀರು ಹಳ್ಳದ್ದು.

ಇನ್ನು ತುಕ್ಕಿನ ಮಾತು. ಟೈಗರುಗಳು ಟ್ಯುನೀಸಿಯಾಕ್ಕೆ ಬಂದದ್ದು 1942ರ ಕೊನೆಯಲ್ಲಿ. ಅಲ್ಲಿ ಯುದ್ಧ ಮುಗಿದದ್ದು 1943ರ ಮೇ 13ರಂದು. ಆರು ತಿಂಗಳಲ್ಲಿ ದಪ್ಪ ಉಕ್ಕಿನ ಹಲಗೆ ಗುಜರಿಯಂಗಡಿಯ ಕಬ್ಬಿಣದಂತೆ ತುಕ್ಕು ತಿನ್ನುವುದಿಲ್ಲ. ಬಣ್ಣ ಕೆತ್ತಿಹೋದಲ್ಲಿ ಕಾಣುತ್ತಿದ್ದ ಕೆಂಪು ಅನೇಕ ಕಡೆ ತುಕ್ಕಲ್ಲ, ಕಾರ್ಖಾನೆಯಲ್ಲಿ ಮೊದಲು ಹಚ್ಚಿದ ಕಾವಿಯ ಅಸ್ತರು. ಬೇಗ ತುಕ್ಕು ಹಿಡಿಯುತ್ತಿದ್ದುದು ಬಿಸಿಯಾಗಿ ತಣ್ಣಗಾಗುವ ಹೊಗೆಕೊಳವೆಗೆ. ನೆಲಕ್ಕೆ ಉಜ್ಜುವ ಸರಪಳಿಯ ಅಂಚು ತುಕ್ಕಿನ ಬದಲು ಹೊಳಪು ಪಡೆಯುತ್ತಿತ್ತು. ಹುಡುಗನ ತುಕ್ಕಿನ ಡಬ್ಬಿಯನ್ನು ನಾನು ಎತ್ತಿಟ್ಟೆ. ಅವನ ಮುಖ ಸಣ್ಣದಾಯಿತು.

ಆದರೂ ಮಾದರಿಗೆ ಬಣ್ಣ ಹಚ್ಚುವವನಿಗೆ ಒಂದು ಸುಳ್ಳಿನ ಅನುಮತಿಯುಂಟು. ನಿಜವಾದ ಹುಲಿಯ ತೂಕ 57 ಟನ್. ಉದ್ದ, ಅಗಲ, ಎತ್ತರ ಮೂರೂ ಹದಿನಾರರಲ್ಲೊಂದಾದರೆ ತೂಕ 4096ರಲ್ಲೊಂದಾಗುತ್ತದೆ. ಲೆಕ್ಕದಂತೆ 14 ಕಿಲೋ. ಪ್ಲಾಸ್ಟಿಕ್ಕಿನ ನಮ್ಮ ಹುಲಿ ಅದರ ಅರ್ಧವೂ ತೂಗದು. ಇಲ್ಲದ ಭಾರವನ್ನು ಕಣ್ಣಿಗೆ ತೋರಿಸಬೇಕಾದದ್ದು ಬಣ್ಣವೇ. ತೆಳುವಾದ ಕಡುಗಂದು ಎಣ್ಣೆಬಣ್ಣವನ್ನು ಮೊಳೆಗಳ ಬುಡಕ್ಕೆ, ಬೆಸುಗೆಯ ಸಾಲಿಗೆ ಹರಿಯಬಿಟ್ಟರೆ ನೆರಳು ಆಳವಾಗುತ್ತದೆ. ಬಣ್ಣವನ್ನು ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿದ ಕುಂಚವನ್ನು ಅಂಚುಗಳ ಮೇಲೆ ಸವರಿದರೆ ಬೆಳಕು ಅಲ್ಲಿ ತಂಗುತ್ತದೆ. ಅಮೆರಿಕದ ಶೆಪರ್ಡ್ ಪೇನ್, ಬೆಲ್ಜಿಯಮ್ಮಿನ ಫ್ರಾನ್ಸ್ವಾ ವೆರ್ಲಿಂಡನ್ ಮೊದಲಾದವರು 1970ರ ದಶಕದಿಂದ ಈ ವಿದ್ಯೆಯನ್ನು ಜನಪ್ರಿಯಗೊಳಿಸಿದರು. ಕೊನೆಗೆ ಧೂಳು. ಇಲ್ಲಿ ಎಚ್ಚರ ಬೇಕು: ಒಂದು ಮಿಲಿಮೀಟರಿನ ಮರಳಿನ ಕಣ ಈ ಮಾದರಿಯ ಮೇಲೆ ನೆಲ್ಲಿಕಾಯಿ ಗಾತ್ರದ ಕಲ್ಲಾಗಿಬಿಡುತ್ತದೆ. ಹಿಟ್ಟಿನಷ್ಟು ನುಣ್ಣಗಿನ ಬಣ್ಣದ ಪುಡಿಯೇ ಆಗಬೇಕು.

ಟ್ಯಾಂಕಿನ ಹಿಂಭಾಗದಲ್ಲಿ ಎರಡು ಜೋಡಿ ಕೊಳವಿಗಳಿವೆ. ದಪ್ಪ ಪೈಪುಗಳು ಅಲ್ಲಿಂದ ಎಂಜಿನ್ನಿನ ಕಡೆಗೆ ಹೋಗುತ್ತವೆ. ಅವು ಅಲಂಕಾರವೆಂದು ಹುಡುಗ ತಿಳಿದಿದ್ದ. ಅವು 'ಫೈಫೆಲ್' ಎಂಬ ಗಾಳಿಶೋಧಕಗಳು, ಎಂಜಿನ್ನಿಗೆ ಧೂಳು ಹೋಗದಂತೆ ತಡೆಯಲು ಇಟ್ಟವು. ಧೂಳು ಎಂದಾಗ ನನಗೆ ನನ್ನ ತಂದೆಯ ನೆನಪಾಯಿತು.

ನನ್ನ ತಂದೆ ಧಾರವಾಡ ಸೀಮೆಯ ಎರೆಭೂಮಿಯ ಒಕ್ಕಲು ಮನೆತನದವರು. ಯುದ್ಧಕಾಲದಲ್ಲಿ ಸೈನ್ಯ ಸೇರಿ ಲಾರಿ ನಡೆಸಿದರು. ಭಾರತದ 4ನೆಯ ಡಿವಿಜನ್ನಿನ ಹಿಂದೆ ಲಿಬಿಯಾ ದಾಟಿ ಟ್ಯುನೀಸಿಯಾ ಮುಟ್ಟಿದರು. 1943ರ ಮೇ 12ರಂದು ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ಇದೇ ಡಿವಿಜನ್ನಿಗೆ. ಅದರ ಬಗೆಗೆ ಅವರು ಎಂದೂ ಹೆಮ್ಮೆಪಟ್ಟು ಆಡಿದ್ದು ನಾನು ಕೇಳಿಲ್ಲ. ಲಿಬಿಯಾದ ಧೂಳನ್ನು ಒಮ್ಮೊಮ್ಮೆ ನೆನೆಯುತ್ತಿದ್ದರು. ಮತ್ತೆ ಮತ್ತೆ ಹೇಳುತ್ತಿದ್ದುದು ಇನ್ನೊಂದನ್ನು: ಮೆಜೆರ್ದಾ ಹೊಳೆಯ ಬಯಲಿನ ಗೋಧಿಯನ್ನು. "ನಮ್ಮ ಹೊಲಾನ ಅಂತ ತಿಳೀರಿ. ಎದಿಮಟ ಬೆಳೆದಿತ್ತು. ಅದರಾಗ ಟ್ಯಾಂಕು ಹೊಕ್ಕು ಹೋಗಿದ್ದವು" ಎನ್ನುವರು. ಆ ಹೊಲ ಯಾರದೆಂದು ಕೇಳಲು ಅಲ್ಲಿ ಯಾರೂ ಇರಲಿಲ್ಲವಂತೆ.

ಆಫ್ರಿಕವೆಂದರೆ ಮರಳು ಎಂದೇ ನಾನೂ ಬಹುಕಾಲ ತಿಳಿದಿದ್ದೆ. ಪುಸ್ತಕಗಳನ್ನು ತೆರೆದು ನೋಡಿದರೆ ತಂದೆಯ ಮಾತೇ ನಿಜ. ಉತ್ತರ ಟ್ಯುನೀಸಿಯಾ ಚಳಿಗಾಲದಲ್ಲಿ ಮಳೆ ಬೀಳುವ, ರೋಮನರ ಕಾಲದಿಂದ ಧಾನ್ಯಕ್ಕೆ ಹೆಸರಾದ ನಾಡು. 1942ರ ಡಿಸೆಂಬರಿನಲ್ಲಿ ಟ್ಯೂನಿಸ್ ನಗರದ ಮೇಲಿನ ದಾಳಿಯನ್ನು ಐಸೆನ್‌ಹೋವರ್ ಮುಂದೂಡಬೇಕಾಗಿ ಬಂದದ್ದು ಕೆಸರಿನ ಕಾರಣದಿಂದ. ಏಪ್ರಿಲಿನಲ್ಲಿ ಅದೇ ನೆಲ ಹಸಿರು.

ಈ ಸಂಗತಿಯನ್ನು ಹುಡುಗನಿಗೆ ಹೇಳಿದೆ. ಆಮೇಲೆ ಮರಳಿನ ಹಳದಿ ಹೋಗಿ, ಚಕ್ರಗಳ ನಡುವೆ ಒಣಗಿದ ಕಂದು ಕೆಸರು ಬಂತು. ಒಣಗಿದ ಹುಲ್ಲನ್ನು ಕೂದಲೆಳೆಯಷ್ಟು ಸೀಳಿ, ಹಸಿರು ಬಣ್ಣದಲ್ಲಿ ಅದ್ದಿ, ಸರಪಳಿಯ ಸಂದುಗಳಲ್ಲಿ ಸಿಕ್ಕಿಸಿದೆವು. ಹದಿನಾರರಲ್ಲೊಂದು ಅಳತೆಯ ಗೋಧಿಯ ದಂಟು. ಗುಂಡೇಟಿನ ಕಲೆಗಳು ಬೇಡವೆಂದು ಹುಡುಗನೇ ಹೇಳಿದ.

ಟೈಗರಿನೊಳಗೆ ಐವರು ಇರುತ್ತಿದ್ದರು. ಮುಂದೆ ಬಲಗಡೆ ಕೂರುತ್ತಿದ್ದವನು ರೇಡಿಯೋ ನಿರ್ವಾಹಕ. ನಮ್ಮ ಹುಲಿಯೊಳಗೆ ಯಾರೂ ಇಲ್ಲ. ಇರುವುದು ಬರಿಯ ರೇಡಿಯೋ. ಮೊನ್ನೆ ಸಂಜೆ ಅಂಗಳದಲ್ಲಿ ಅದನ್ನು ಮೊದಲ ಸಲ ನಡೆಸಿದೆವು. ಗೋಡೆಯ ಪಕ್ಕ ನನ್ನ ಸೊಸೆ ಕೊತ್ತಂಬರಿ ಬಿತ್ತಿದ್ದಾಳೆ. ಸಸಿ ನಾಲ್ಕು ಬೆರಳು ಎದ್ದಿವೆ. ಹುಲಿ ಅತ್ತ ಹೊರಳಿತು. ನಾನು ಏನಾದರೂ ಹೇಳುವ ಮುನ್ನವೇ ಹುಡುಗ ಅದನ್ನು ನಿಲ್ಲಿಸಿ, ಹಿಂದಕ್ಕೆ ತೆಗೆದು, ಸುತ್ತು ಹಾಕಿಸಿ ಕಲ್ಲುಹಾಸಿನ ಮೇಲೆ ತಂದ.