ಬರ ಬಂದಿದೆ ಎಂದು ಹೇಳುವವರು ಯಾರು?

ಹವಾಮಾನ ಬದಲಾವಣೆ ಎಂದರೆ ಮಕ್ಕಳು ಕರಗುವ ಹಿಮ, ಏರುವ ಕಡಲು ಎಂದು ಬರೆಯುತ್ತಾರೆ. ಜತ್ತ, ಅಕ್ಕಲಕೋಟ, ಸೊಲ್ಲಾಪುರದ ನಮಗೆ ಅದು ಮಳೆಯ ಮಾತು. ಮಳೆ ಕೈಕೊಟ್ಟಾಗ ಸರಕಾರ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ.

1876-78ರ ಬರದಲ್ಲಿ ಮುಂಬಯಿ ಪ್ರಾಂತದ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳು ತತ್ತರಿಸಿದವು. ಬ್ರಿಟಿಷ್ ಸರಕಾರಕ್ಕೆ ಖರ್ಚಿನದೇ ಚಿಂತೆ. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಹಸಿದವರೇ ಕೆಲಸ ಬಿಟ್ಟು ಪ್ರತಿಭಟಿಸಿದರು. 1880ರ ಕ್ಷಾಮ ಆಯೋಗದ ನಂತರ ಕ್ಷಾಮ ಸಂಹಿತೆಗಳು ಬಂದವು. ಬರದ ಲಕ್ಷಣ ಗುರುತಿಸುವುದು ಹೇಗೆ, ಕಾಮಗಾರಿ ತೆರೆಯುವುದು ಯಾವಾಗ ಎಂಬುದು ಬರಹದಲ್ಲಿ ಬಂತು. ಇದು ದೊಡ್ಡ ಹೆಜ್ಜೆಯೇ. ಆದರೆ ಬರ ಬಂದಿದೆ ಎಂದು ಹೇಳುವ ಅಧಿಕಾರ ಸರಕಾರದ ಕೈಯಲ್ಲೇ ಉಳಿಯಿತು.

ಎಪ್ಪತ್ತೆರಡರ ಬರವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಖಡಿ ಒಡೆದದ್ದು, ಸುಕಡಿ ತಿಂದದ್ದು ಅವರ ಮಾತಿನಲ್ಲಿ ಬರುತ್ತದೆ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು.

ಆಗ ಸರಕಾರ ಒಂದು ಆಯ್ಕೆ ಮಾಡಿತು. ವಿಧಾನ ಪರಿಷತ್ತಿನ ಸಭಾಪತಿ, ನಮ್ಮ ಸಾಂಗಲಿ ಜಿಲ್ಲೆಯವರೇ ಆದ ವಿ. ಸ. ಪಾಗೆಯವರು ಮೊದಲಿನಿಂದ ಪ್ರತಿಪಾದಿಸುತ್ತಿದ್ದ ರೋಜಗಾರ ಹಮೀ ಯೋಜನೆಯನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. 1977ರಲ್ಲಿ ಅದಕ್ಕೆ ಕಾಯ್ದೆ ಆಯಿತು, 1979ರ ಜನವರಿ 26ರಂದು ಜಾರಿಗೆ ಬಂತು. ಕೆಲಸ ಕೇಳಿದ 15 ದಿನಗಳಲ್ಲಿ ಕೆಲಸ ಕೊಡಬೇಕು. ಇಲ್ಲವಾದರೆ ದಿನಕ್ಕೆ ಒಂದು ರೂಪಾಯಿಯಂತೆ ಭತ್ಯೆ. ಭತ್ಯೆ ಸಣ್ಣದು, ತತ್ವ ದೊಡ್ಡದು. ಬರ ಬಂದಿದೆ ಎಂದು ಹೇಳುವ ಅಧಿಕಾರ ಕೂಲಿಕಾರಳಿಗೆ ಬಂತು. ಹಣಕ್ಕಾಗಿ 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಊರಿನ ಬರಕ್ಕೆ ನಗರದ ನೌಕರನೂ ಹೆಗಲು ಕೊಟ್ಟ. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಗೆ ಇದೇ ದಾರಿ ತೋರಿಸಿತು.

ಒಂದು ಕೆಲಸ ಮಾತ್ರ ಉಳಿಯಿತು. ಕೂಲಿಯ ಹಕ್ಕಿನಷ್ಟು ಗಟ್ಟಿಯಾಗಿ ನೀರಿನ ಹಂಚಿಕೆ ಆಗಲಿಲ್ಲ. ಬರಪೀಡಿತವೆನಿಸಿದ ಸೊಲ್ಲಾಪುರ ಜಿಲ್ಲೆಯೇ ಕಬ್ಬಿಗೂ ಸಕ್ಕರೆ ಕಾರ್ಖಾನೆಗಳಿಗೂ ಹೆಸರಾಗಿದೆ. ಬಾಂದು ಕಟ್ಟಿಸಿದರೆ ಎಲ್ಲರೂ ಕೈ ಮುಗಿಯುತ್ತಾರೆ, ಇಂಥ ಬೆಳೆಗೆ ಇಷ್ಟೇ ನೀರು ಎಂದರೆ ಸಿಟ್ಟಾಗುವವರು ಬಲವಂತರು. ಮಳೆ ಇನ್ನಷ್ಟು ಏರುಪೇರಾಗುವ ದಿನಗಳಲ್ಲಿ ಸರಕಾರಗಳ ಮುಂದಿರುವ ಕಠಿಣ ಆಯ್ಕೆ ಇದೇ.

ಶಿಕ್ಷಕ ಮಿತ್ರರೇ, ನಿಮ್ಮ ಊರಿನ ಯಾವ ಕೆರೆ, ಯಾವ ರಸ್ತೆ, ಯಾವ ಬಾಂದು ಆ ಬರದಲ್ಲಿ ಆದದ್ದು ಎಂದು ಮಕ್ಕಳಿಂದ ಹಿರಿಯರನ್ನು ಕೇಳಿಸಿ, ಬರೆಸಿಡಿ. ಅದರಲ್ಲಿ ಇಂದು ನೀರು ನಿಲ್ಲುತ್ತಿದೆಯೇ, ಆ ನೀರು ಯಾರ ಹೊಲಕ್ಕೆ ಹೋಗುತ್ತಿದೆ ಎಂಬುದನ್ನೂ ಬರೆಸಿ.