ಬೆರ್ಸಿಹ್ ಚಳವಳಿ

ಬೆರ್ಸಿಹ್ ಎಂಬುದು ಮಲೇಷ್ಯಾದಲ್ಲಿ ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆಗಾಗಿ 2006ರಿಂದ ನಡೆದುಬಂದಿರುವ ಚಳವಳಿ. ಮಲಯ ಭಾಷೆಯಲ್ಲಿ ಈ ಪದಕ್ಕೆ ಸ್ವಚ್ಛ ಎಂಬ ಅರ್ಥವಿದೆ. ವಿರೋಧ ಪಕ್ಷಗಳು ಮತ್ತು ಸ್ವಯಂಸೇವಾ ಸಂಸ್ಥೆಗಳ ಜಂಟಿ ವೇದಿಕೆಯಾಗಿ ಆರಂಭವಾದ ಇದು 2010ರಲ್ಲಿ ಪಕ್ಷಗಳಿಂದ ಬೇರೆಯಾಗಿ ‘ಬೆರ್ಸಿಹ್ 2.0’ ಎಂಬ ಪೂರ್ಣ ನಾಗರಿಕ ಒಕ್ಕೂಟವಾಯಿತು. 2007, 2011, 2012, 2015 ಮತ್ತು 2016ರಲ್ಲಿ ರಾಜಧಾನಿ ಕ್ವಾಲಾಲಂಪುರದಲ್ಲಿ ಇದು ನಡೆಸಿದ ಐದು ಬೃಹತ್ ಮೆರವಣಿಗೆಗಳು ದೇಶದ ರಾಜಕೀಯದ ದಿಕ್ಕನ್ನೇ ಬದಲಿಸಿದವು. ಹಳದಿ ಅಂಗಿ ಚಳವಳಿಯ ಗುರುತು. ಯಾರು ಗೆಲ್ಲಬೇಕೆಂಬುದನ್ನು ಮತದಾರರಿಗೆ ಬಿಟ್ಟು, ಗೆಲುವು ಯಾವ ನಿಯಮದಿಂದ ತೀರ್ಮಾನವಾಗಬೇಕು ಎಂಬುದೊಂದನ್ನೇ ಪಟ್ಟುಹಿಡಿದು ಕೇಳಿದ್ದು ಬೆರ್ಸಿಹ್‌ನ ಹೆಚ್ಚುಗಾರಿಕೆ.

ಹಿನ್ನೆಲೆ

1957ರಲ್ಲಿ ಸ್ವತಂತ್ರವಾದ ಮಲಯ ಒಕ್ಕೂಟದಲ್ಲಿ, 1963ರ ನಂತರ ಮಲೇಷ್ಯಾದಲ್ಲಿ, ಚುನಾವಣೆಗಳು ತಪ್ಪದೆ ನಡೆಯುತ್ತಿದ್ದವು. ಆದರೆ ಅಧಿಕಾರ ಮಾತ್ರ ಕೈ ಬದಲಾಯಿಸಲಿಲ್ಲ. ಮೊದಲು ಅಲಯನ್ಸ್, ಆಮೇಲೆ ಅದರ ವಿಸ್ತೃತ ರೂಪವಾದ ಬಾರಿಸಾನ್ ನ್ಯಾಷನಲ್ ಮೈತ್ರಿಕೂಟ 61 ವರ್ಷ ಸತತವಾಗಿ ಆಳಿದವು. ಜನಬೆಂಬಲ ಇದಕ್ಕೊಂದು ಕಾರಣವಾದರೆ, ಆಟದ ಅಂಕಣವೇ ಒಂದು ಕಡೆಗೆ ವಾಲಿದ್ದುದು ಇನ್ನೊಂದು ಕಾರಣ.

ಚುನಾವಣಾ ಆಯೋಗದ ಸದಸ್ಯರನ್ನು ದೊರೆ ನೇಮಿಸುತ್ತಾರಾದರೂ ಆಯ್ಕೆಯಲ್ಲಿ ಪ್ರಧಾನಿಯ ಮಾತೇ ನಡೆಯುತ್ತಿತ್ತು. ಪತ್ರಿಕೆಗಳಿಗೆ ಸರ್ಕಾರದ ಪರವಾನಗಿ ಬೇಕಿತ್ತು. ದೊಡ್ಡ ಪತ್ರಿಕೆಗಳು ಮತ್ತು ಟಿವಿ ವಾಹಿನಿಗಳಲ್ಲಿ ಹಲವು ಆಳುವ ಪಕ್ಷಗಳ ಒಡೆತನ ಅಥವಾ ಹಿಡಿತದಲ್ಲಿದ್ದವು. ಸೈನಿಕರು ಮತ್ತು ಪೊಲೀಸರ ಅಂಚೆ ಮತಗಳ ಮೇಲೆ ಹೊರಗಿನವರ ಕಣ್ಗಾವಲು ಇರಲಿಲ್ಲ. ಮತದಾರರ ಪಟ್ಟಿಯಲ್ಲಿ ಸತ್ತವರ ಹೆಸರುಗಳು ಉಳಿದುಕೊಂಡಿದ್ದವು. ಒಂದೇ ಮನೆಯ ವಿಳಾಸದಲ್ಲಿ ಹತ್ತಾರು ಅಪರಿಚಿತರ ಹೆಸರು ಇರುತ್ತಿತ್ತು. ಇಂಥವರನ್ನು ಅಲ್ಲಿನ ಜನ ‘ಭೂತ ಮತದಾರರು’ ಎಂದೇ ಕರೆಯುತ್ತಾರೆ.

ಎಲ್ಲಕ್ಕಿಂತ ಆಳವಾದ ದೋಷವಿದ್ದದ್ದು ಕ್ಷೇತ್ರಗಳ ಗಾತ್ರದಲ್ಲಿ. 1957ರ ಸಂವಿಧಾನವು ಕ್ಷೇತ್ರಗಳ ಮತದಾರರ ಸಂಖ್ಯೆ ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ಏರುಪೇರಾಗಬಾರದೆಂದು ಹೇಳಿತ್ತು. 1962ರ ತಿದ್ದುಪಡಿ ಗ್ರಾಮೀಣ ಕ್ಷೇತ್ರವೊಂದು ನಗರ ಕ್ಷೇತ್ರದ ಅರ್ಧದಷ್ಟಿದ್ದರೂ ಸಾಕೆಂದಿತು. 1973ರಲ್ಲಿ ಆ ಮಿತಿಯನ್ನೂ ತೆಗೆದುಹಾಕಲಾಯಿತು. ಆಳುವ ಪಕ್ಷಕ್ಕೆ ಬೆಂಬಲವಿದ್ದ ಗ್ರಾಮೀಣ ಕ್ಷೇತ್ರಗಳು ಚಿಕ್ಕವಾಗಿಯೂ, ವಿರೋಧ ಪಕ್ಷಗಳು ಬಲವಾಗಿದ್ದ ನಗರ ಕ್ಷೇತ್ರಗಳು ದೈತ್ಯ ಗಾತ್ರದಲ್ಲಿಯೂ ಉಳಿದವು.

ಸ್ಥಾಪನೆ ಮತ್ತು ಮೊದಲ ಮೆರವಣಿಗೆ

2005ರಲ್ಲಿ ರೂಪುಗೊಂಡ ಚುನಾವಣಾ ಸುಧಾರಣೆಯ ಜಂಟಿ ಕ್ರಿಯಾ ಸಮಿತಿ ಚಳವಳಿಯ ಬೀಜ. 2006ರ ನವೆಂಬರ್ 23ರಂದು ಸಂಸತ್ ಭವನದಲ್ಲಿ ಬೆರ್ಸಿಹ್ ಎಂಬ ಹೆಸರಿನಲ್ಲಿ ಅದಕ್ಕೆ ವಿಧ್ಯುಕ್ತ ಚಾಲನೆ ದೊರೆಯಿತು. ಮನವಿ ಪತ್ರಗಳಿಗೆ ಬೆಲೆ ಸಿಗದಿದ್ದಾಗ 2007ರ ನವೆಂಬರ್ 10ರಂದು ಜನ ಬೀದಿಗಿಳಿದರು. ಅಳಿಸಲಾಗದ ಶಾಯಿಯ ಬಳಕೆ, ಮತದಾರರ ಪಟ್ಟಿಯ ಶುದ್ಧೀಕರಣ, ಅಂಚೆ ಮತದ ಸುಧಾರಣೆ, ಎಲ್ಲ ಪಕ್ಷಗಳಿಗೂ ಮಾಧ್ಯಮಗಳಲ್ಲಿ ಸಮಾನ ಅವಕಾಶ, ಇವು ಅಂದಿನ ನಾಲ್ಕು ಬೇಡಿಕೆಗಳು. ಮಸೀದಿ ಜಮೇಕ್ ಬಳಿ ಪೊಲೀಸರು ಅಶ್ರುವಾಯು ಮತ್ತು ಜಲಫಿರಂಗಿ ಬಳಸಿದರೂ ಮೆರವಣಿಗೆ ಅರಮನೆಯ ಬಾಗಿಲಿಗೆ ತಲುಪಿ ದೊರೆಗೆ ಮನವಿ ಸಲ್ಲಿಸಿತು. ಎರಡು ವಾರಗಳ ನಂತರ, ನವೆಂಬರ್ 25ರಂದು, ಭಾರತೀಯ ಮೂಲದವರ ಹಿಂದ್ರಾಫ್ ಸಂಘಟನೆಯ ಪ್ರತಿಭಟನೆಯೂ ಅದೇ ನಗರದಲ್ಲಿ ನಡೆಯಿತು. 2008ರ ಮಾರ್ಚ್ 8ರ ಚುನಾವಣೆಯಲ್ಲಿ ಬಾರಿಸಾನ್ ಮೂರನೇ ಎರಡರಷ್ಟು ಬಹುಮತವನ್ನು ಕಳೆದುಕೊಂಡಿತು, ಐದು ರಾಜ್ಯಗಳಲ್ಲಿ ಸೋತಿತು.

ಶಾಯಿಯ ಪ್ರಶ್ನೆ

ಬೆರಳಿಗೆ ಹಚ್ಚುವ ಒಂದು ಹನಿ ಶಾಯಿ ಈ ಚಳವಳಿಯ ಕೇಂದ್ರ ಬೇಡಿಕೆಯಾಗಿತ್ತೆಂಬುದು ಭಾರತದ ಮತದಾರರಿಗೆ ಅಚ್ಚರಿ ತರಬಹುದು. ಇಲ್ಲಿ 1962ರ ಲೋಕಸಭಾ ಚುನಾವಣೆಯಿಂದ ಆ ಗುರುತು ರೂಢಿಯಲ್ಲಿದೆ. ಅದನ್ನು ತಯಾರಿಸುವುದು ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಸ್ಥಾಪನೆಯಾದ ಮೈಸೂರಿನ ಕಾರ್ಖಾನೆ. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕರ್ನಾಟಕ ಸರ್ಕಾರದ ಉದ್ಯಮವಾಗಿರುವ ಇದು ಮಲೇಷ್ಯಾ ಸೇರಿದಂತೆ ಹಲವು ದೇಶಗಳಿಗೆ ಶಾಯಿ ಕಳುಹಿಸಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ತಾಗಿದಾಗ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಅದು ಹೋಗುವುದಿಲ್ಲ. ಉಗುರಿನ ಮೇಲಿನ ಕಲೆ ಉಗುರು ಬೆಳೆದ ಮೇಲಷ್ಟೇ ಮಾಯವಾಗುತ್ತದೆ. ಒಬ್ಬರೇ ಎರಡು ಕಡೆ ಮತ ಹಾಕುವುದನ್ನು ತಡೆಯಲು ಇದಕ್ಕಿಂತ ಅಗ್ಗದ, ಸರಳವಾದ ಉಪಾಯವಿಲ್ಲ.

ಮಲೇಷ್ಯಾದ ಚುನಾವಣಾ ಆಯೋಗ 2008ರಲ್ಲಿ ಶಾಯಿ ಬಳಸುವುದಾಗಿ ಘೋಷಿಸಿ, ಅದನ್ನು ಖರೀದಿಸಿಯೂ ಇತ್ತು. ಮತದಾನಕ್ಕೆ ಕೇವಲ ನಾಲ್ಕು ದಿನ ಬಾಕಿಯಿರುವಾಗ ಆ ನಿರ್ಧಾರವನ್ನು ರದ್ದುಮಾಡಿತು. ಚಳವಳಿಯ ಒತ್ತಡದಿಂದ ಕೊನೆಗೂ 2013ರಲ್ಲಿ ಸಾರ್ವತ್ರಿಕ ಚುನಾವಣೆಯೊಂದರಲ್ಲಿ ಮೊದಲ ಬಾರಿಗೆ ಶಾಯಿ ಬಂತು. ಆದರೆ ಅದು ಕೆಲವೇ ಗಂಟೆಗಳಲ್ಲಿ ತೊಳೆದುಹೋಗುತ್ತಿದೆಯೆಂದು ಮತದಾರರು ಬೆರಳಿನ ಚಿತ್ರಗಳನ್ನು ಹಂಚಿಕೊಂಡರು. ಆ ಶಾಯಿಯಲ್ಲಿದ್ದದ್ದು ಆಹಾರಕ್ಕೆ ಬಳಸುವ ಬಣ್ಣವೆಂದು ಸಂಬಂಧಪಟ್ಟ ಸಚಿವರೇ ಆಮೇಲೆ ಸಂಸತ್ತಿನಲ್ಲಿ ತಿಳಿಸಬೇಕಾಯಿತು. ಸುಧಾರಣೆಯನ್ನು ಹೆಸರಿಗೆ ಒಪ್ಪಿ, ಜಾರಿಯಲ್ಲಿ ಅದರ ಸತ್ವ ತೆಗೆದುಬಿಡುವುದು ಎಷ್ಟು ಸುಲಭವೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಬೆರ್ಸಿಹ್ 2.0

2010ರ ಪುನರ್ರಚನೆಯ ನಂತರ ಒಕ್ಕೂಟದ ಮುಂದಾಳತ್ವ ವಹಿಸಿದವರು ವಕೀಲೆ ಅಂಬಿಗಾ ಶ್ರೀನಿವಾಸನ್. 2007ರಿಂದ 2009ರವರೆಗೆ ಅವರು ಮಲೇಷ್ಯಾದ ವಕೀಲರ ಪರಿಷತ್ತಿನ ಅಧ್ಯಕ್ಷರಾಗಿದ್ದವರು. ಬೇಡಿಕೆಗಳು ಈಗ ಎಂಟಾದವು. ಪ್ರಚಾರಕ್ಕೆ ಕನಿಷ್ಠ 21 ದಿನಗಳ ಅವಧಿ, ಸಾರ್ವಜನಿಕ ಸಂಸ್ಥೆಗಳ ಬಲವರ್ಧನೆ, ಭ್ರಷ್ಟಾಚಾರಕ್ಕೆ ತಡೆ, ಹೊಲಸು ರಾಜಕಾರಣದ ಅಂತ್ಯ ಎಂಬ ನಾಲ್ಕು ಹೊಸದಾಗಿ ಸೇರಿದವು.

2011ರ ಜುಲೈ 9ಕ್ಕೆ ಮೆರವಣಿಗೆ ನಿಗದಿಯಾಗುತ್ತಿದ್ದಂತೆ ಸರ್ಕಾರ ಒಕ್ಕೂಟವನ್ನು ಕಾನೂನುಬಾಹಿರ ಸಂಘಟನೆಯೆಂದು ಘೋಷಿಸಿತು. ಬೆರ್ಸಿಹ್ ಮುದ್ರೆಯ ಹಳದಿ ಅಂಗಿ ತೊಡುವುದೇ ಅಪರಾಧವಾಯಿತು. ಸಂಘಟಕರೂ ಸೇರಿ 91 ಮಂದಿಗೆ ರಾಜಧಾನಿಯ ಪ್ರವೇಶ ನಿಷೇಧಿಸಲಾಯಿತು. ದೊರೆಯ ಮಧ್ಯಪ್ರವೇಶದಿಂದ, ಬೀದಿಯ ಬದಲು ಕ್ರೀಡಾಂಗಣದಲ್ಲಿ ಸೇರಲು ಒಕ್ಕೂಟ ಒಪ್ಪಿತು. ಮರ್ಡೇಕಾ ಕ್ರೀಡಾಂಗಣವನ್ನು ಕೊಡಲು ಸರ್ಕಾರ ಒಪ್ಪಲಿಲ್ಲ. ಅಂದು ರಸ್ತೆಗಳು ಮುಚ್ಚಿದ್ದರೂ ಸಾವಿರಾರು ಜನ ಬಂದರು, 1,600ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಜಲಫಿರಂಗಿಯ ನೀರಿನಲ್ಲಿ ಪೂರ್ತಿ ತೊಯ್ದು, ಕೈಯಲ್ಲಿ ಹೂವು ಹಿಡಿದು ನಡೆಯುತ್ತಿದ್ದ ವಯಸ್ಸಾದ ನಿವೃತ್ತ ಶಿಕ್ಷಕಿಯೊಬ್ಬರ ಚಿತ್ರ ಮರುದಿನ ದೇಶವಿಡೀ ಹರಡಿತು. ಜನ ಅವರನ್ನು ‘ಬೆರ್ಸಿಹ್ ಆಂಟಿ’ ಎಂದು ಕರೆದರು. ಚಳವಳಿ ಪುಂಡರ ಗುಂಪೆಂಬ ಪ್ರಚಾರ ಆ ಒಂದು ಚಿತ್ರದ ಮುಂದೆ ನಿಲ್ಲಲಿಲ್ಲ. ಬೆರ್ಸಿಹ್ ಅನ್ನು ಕಾನೂನುಬಾಹಿರಗೊಳಿಸಿದ ಆದೇಶವನ್ನು 2012ರ ಜುಲೈನಲ್ಲಿ ಹೈಕೋರ್ಟ್ ರದ್ದುಪಡಿಸಿತು.

ಪ್ರಧಾನಿ ನಜೀಬ್ ರಜಾಕ್ ಸರ್ಕಾರ ಒತ್ತಡಕ್ಕೆ ಮಣಿದು ಚುನಾವಣಾ ಸುಧಾರಣೆಗಾಗಿ ಸಂಸದೀಯ ಸಮಿತಿ ರಚಿಸಿತು. ಸಮಿತಿ 22 ಶಿಫಾರಸುಗಳನ್ನು ನೀಡಿತು. ಅವು ಮುಂದಿನ ಚುನಾವಣೆಗೆ ಮೊದಲೇ ಜಾರಿಯಾಗಲಾರವೆಂದು ಮನಗಂಡ ಒಕ್ಕೂಟ 2012ರ ಏಪ್ರಿಲ್ 28ರಂದು ಮರ್ಡೇಕಾ ಚೌಕದಲ್ಲಿ ಧರಣಿಗೆ ಕರೆಕೊಟ್ಟಿತು. ರಾಷ್ಟ್ರಕವಿ ಗೌರವ ಪಡೆದ ಎ. ಸಮದ್ ಸೈದ್ ಇದರ ಸಹ ಅಧ್ಯಕ್ಷರಾಗಿದ್ದರು. ಚೌಕಕ್ಕೆ ಮುಳ್ಳುತಂತಿ ಸುತ್ತಲಾಗಿತ್ತು. ಮಧ್ಯಾಹ್ನದ ನಂತರ ಕೆಲವರು ತಡೆಗೋಡೆ ದಾಟಿದರು. ಅಶ್ರುವಾಯು, ಲಾಠಿ, ಬಂಧನಗಳು ಮತ್ತೆ ನಡೆದವು. ಪತ್ರಕರ್ತರೂ ಪೆಟ್ಟು ತಿಂದರು. ಪೊಲೀಸರು ಅಗತ್ಯಕ್ಕೆ ಮೀರಿದ ಬಲ ಪ್ರಯೋಗಿಸಿದರೆಂದು ದೇಶದ ಮಾನವ ಹಕ್ಕುಗಳ ಆಯೋಗ ವಿಚಾರಣೆಯ ನಂತರ ಹೇಳಿತು.

ಆ ದಿನಗಳಲ್ಲಿ ಅಂಬಿಗಾ ಅವರು ಎದುರಿಸಿದ ವೈಯಕ್ತಿಕ ದಾಳಿ ಕಡಿಮೆಯದಲ್ಲ. ಅವರ ಮನೆಯ ಮುಂದೆ ವ್ಯಾಪಾರಿಗಳ ಗುಂಪು ಬರ್ಗರ್ ಅಂಗಡಿ ಹೂಡಿತು. ನಿವೃತ್ತ ಸೈನಿಕರ ಗುಂಪೊಂದು ಬಂದು ಮನೆಗೆ ಬೆನ್ನು ಮಾಡಿ ಅವಮಾನಕರ ವ್ಯಾಯಾಮ ನಡೆಸಿತು. ಆಳುವ ಪಕ್ಷದ ಸಂಸದರೊಬ್ಬರು ಅವರನ್ನು ಗಲ್ಲಿಗೇರಿಸುವ ಮಾತನ್ನೂ ಸಂಸತ್ತಿನಲ್ಲಿ ಆಡಿದರು. ಅಂಬಿಗಾ ಜಗ್ಗಲಿಲ್ಲ. ಮಲಯ, ಚೀನೀ, ಭಾರತೀಯ ಎಂದು ಜನಾಂಗವಾರು ಹಂಚಿಹೋದ ರಾಜಕಾರಣದಲ್ಲಿ, ಮೂರೂ ಸಮುದಾಯದವರು ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಬೀದಿಯಲ್ಲಿ ನಡೆದದ್ದು ಆಳುವವರನ್ನು ಬೇಡಿಕೆಗಳಿಗಿಂತ ಹೆಚ್ಚು ಕಂಗೆಡಿಸಿತು.

2013ರ ಚುನಾವಣೆ

2013ರ ಮೇ 5ರ ಫಲಿತಾಂಶ ಬೆರ್ಸಿಹ್‌ನ ವಾದಕ್ಕೆ ಅಂಕಿಗಳ ಪುರಾವೆ ಒದಗಿಸಿತು. ವಿರೋಧ ಪಕ್ಷಗಳ ಪಕಾತಾನ್ ರಾಕ್ಯಾತ್ ಕೂಟ ಸುಮಾರು ಶೇ 51 ಮತ ಪಡೆದು 89 ಸ್ಥಾನ ಗಳಿಸಿತು. ಬಾರಿಸಾನ್ ಸುಮಾರು ಶೇ 47 ಮತಕ್ಕೆ 133 ಸ್ಥಾನ ಪಡೆದು ಸರ್ಕಾರ ರಚಿಸಿತು. ಆಡಳಿತ ನಗರಿ ಪುತ್ರಜಯ ಕ್ಷೇತ್ರದಲ್ಲಿ ಸುಮಾರು 16,000 ಮತದಾರರಿದ್ದರೆ ಸೆಲಂಗೋರ್ ರಾಜ್ಯದ ಕಾಪಾರ್‌ನಲ್ಲಿ 1,44,000 ಮಂದಿಯಿದ್ದರು. ಎರಡೂ ಕ್ಷೇತ್ರಗಳಿಂದ ಸಂಸತ್ತಿಗೆ ಹೋದವರು ತಲಾ ಒಬ್ಬೊಬ್ಬರೇ.

ಬೆರ್ಸಿಹ್ 4 ಮತ್ತು 5

2013ರ ಕೊನೆಯಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮರಿಯಾ ಚಿನ್ ಅಬ್ದುಲ್ಲಾ ಅಧ್ಯಕ್ಷರಾದರು. 2015ರಲ್ಲಿ ಸರ್ಕಾರಿ ಹೂಡಿಕೆ ನಿಧಿ ಒನ್‌ಎಂಡಿಬಿಯ ಹಗರಣ ಸ್ಫೋಟಗೊಂಡು, ಪ್ರಧಾನಿ ನಜೀಬ್ ಅವರ ವೈಯಕ್ತಿಕ ಖಾತೆಗೆ ಸುಮಾರು 260 ಕೋಟಿ ರಿಂಗಿಟ್ ಸಂದಾಯವಾದ ಸುದ್ದಿ ಹೊರಬಿತ್ತು. ಆಗಸ್ಟ್ 29 ಮತ್ತು 30ರಂದು, ಸ್ವಾತಂತ್ರ್ಯ ದಿನದ ಮುನ್ನಾದಿನದವರೆಗೆ, 34 ಗಂಟೆಗಳ ಧರಣಿ ನಡೆಯಿತು. ಬೋರ್ನಿಯೋ ದ್ವೀಪದ ಕುಚಿಂಗ್ ಮತ್ತು ಕೋಟಾ ಕಿನಬಾಲುಗಳಲ್ಲೂ ಜನ ಸೇರಿದರು. ರಾತ್ರಿ ರಸ್ತೆಯಲ್ಲೇ ಮಲಗಿದ ಪ್ರತಿಭಟನಕಾರರು ತಾವೇ ಕಸ ಗುಡಿಸಿದರು. ಹಿಂದಿನ ಬಾರಿಯಂತೆ ಅಶ್ರುವಾಯು ಪ್ರಯೋಗ ನಡೆಯಲಿಲ್ಲ, ಧರಣಿ ಶಾಂತವಾಗಿ ಮುಗಿಯಿತು. ಮಾಜಿ ಪ್ರಧಾನಿ ಮಹಾತಿರ್ ಮೊಹಮದ್ ಅವರೇ ಅಲ್ಲಿ ಕಾಣಿಸಿಕೊಂಡರು. 2016ರಲ್ಲಿ ಬೆರ್ಸಿಹ್ 2.0 ಒಕ್ಕೂಟಕ್ಕೆ ದಕ್ಷಿಣ ಕೊರಿಯಾದ ಗ್ವಾಂಗ್ಜು ಮಾನವ ಹಕ್ಕು ಪ್ರಶಸ್ತಿ ಸಂದಿತು.

ಆ ವರ್ಷದ ನವೆಂಬರ್ 19ರ ಐದನೇ ಮೆರವಣಿಗೆಯ ಹಿಂದಿನ ದಿನ ಮರಿಯಾ ಚಿನ್ ಅವರನ್ನು ಭಯೋತ್ಪಾದನೆ ನಿಗ್ರಹಕ್ಕೆಂದು ತಂದ ಭದ್ರತಾ ಕಾನೂನಿನಡಿ ಬಂಧಿಸಿ ಹತ್ತು ದಿನ ಇರಿಸಿಕೊಳ್ಳಲಾಯಿತು. ಅವರಿಲ್ಲದೆಯೂ ಮೆರವಣಿಗೆ ನಡೆಯಿತು.

ಬೀದಿಯಾಚೆಗಿನ ಕೆಲಸ

ಮೆರವಣಿಗೆಗಳು ಚಳವಳಿಯ ಕಣ್ಣಿಗೆ ಬೀಳುವ ಭಾಗ ಮಾತ್ರ. ವರ್ಷವಿಡೀ ನಡೆದ ಶ್ರಮದ ಕೆಲಸ ಬೇರೆಯೇ ಇತ್ತು. ಸ್ವಯಂಸೇವಕರು ಮತದಾರರ ಪಟ್ಟಿಗಳನ್ನು ಪರಿಶೀಲಿಸಿದರು. ‘ಪೆಮಂತಾವ್’ ಎಂಬ ಹೆಸರಿನಲ್ಲಿ ಚುನಾವಣಾ ವೀಕ್ಷಕರಿಗೆ ತರಬೇತಿ ಕೊಟ್ಟರು. 2016ರಿಂದ ಕ್ಷೇತ್ರ ಮರುವಿಂಗಡಣೆ ಆರಂಭವಾದಾಗ, ಆಕ್ಷೇಪಣೆ ಸಲ್ಲಿಸಲು ಒಂದೇ ಕ್ಷೇತ್ರದ ನೂರು ಮತದಾರರು ಒಟ್ಟಾಗಬೇಕೆಂಬ ನಿಯಮವಿತ್ತು. ಒಕ್ಕೂಟ ಊರೂರು ಸುತ್ತಿ ಅಂಥ ಗುಂಪುಗಳನ್ನು ಕಟ್ಟಿತು. ಆದರೂ ಹೊಸ ಗಡಿಗಳಿಗೆ 2018ರ ಮಾರ್ಚ್‌ನಲ್ಲಿ ಸಂಸತ್ತು ಅನುಮೋದನೆ ಕೊಟ್ಟಿತು.

2018ರ ಮೇ 9ರಂದು, ವಾರದ ನಡುವಿನ ಬುಧವಾರ, ಮತದಾನ ನಡೆಯಿತು. ಪ್ರಚಾರಕ್ಕೆ ಸಿಕ್ಕಿದ್ದು 11 ದಿನ. ವಿದೇಶದಲ್ಲಿದ್ದವರಿಗೆ ಅಂಚೆ ಮತಪತ್ರ ತಲುಪುವಾಗಲೇ ತಡವಾಗಿತ್ತು. ಆಗ ಪರಸ್ಪರ ಗುರುತೇ ಇಲ್ಲದ ಮಲೇಷ್ಯನ್ನರು ವಿಮಾನ ನಿಲ್ದಾಣಗಳಲ್ಲಿ ಸೇರಿ, ಊರಿಗೆ ಹೊರಟವರ ಕೈಗೆ ಮತಪತ್ರದ ಲಕೋಟೆಗಳನ್ನು ಕೊಟ್ಟು ಕಳುಹಿಸಿದರು. ಅವು ಕೈಯಿಂದ ಕೈಗೆ ದಾಟಿ ಆಯಾ ಕ್ಷೇತ್ರ ಸೇರಿದವು. ಒಂದೊಂದು ಮತಕ್ಕೂ ಬೆಲೆಯಿದೆಯೆಂದು ಹತ್ತು ವರ್ಷ ಹೇಳುತ್ತ ಬಂದ ಚಳವಳಿಯ ಫಲ ಅಲ್ಲಿ ಕಣ್ಣಿಗೆ ಕಂಡಿತು. ಬಾರಿಸಾನ್ 79 ಸ್ಥಾನಕ್ಕೆ ಕುಸಿದು, ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಅಧಿಕಾರ ಶಾಂತವಾಗಿ ಕೈ ಬದಲಾಯಿಸಿತು.

ನಂತರದ ಸುಧಾರಣೆಗಳು

2019ರ ಜುಲೈನಲ್ಲಿ ಸಂವಿಧಾನ ತಿದ್ದುಪಡಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ‘ಉಂದಿ 18’ ಎಂಬ ಯುವಜನರ ಅಭಿಯಾನ ಇದಕ್ಕಾಗಿ ದುಡಿದಿತ್ತು. ಮತದಾರರ ಸ್ವಯಂಚಾಲಿತ ನೋಂದಣಿಯೂ ಜೊತೆಗೆ ಬಂದು, 2021ರ ಡಿಸೆಂಬರ್ 15ರಿಂದ ಎರಡೂ ಜಾರಿಯಾದವು. 2018ರಲ್ಲಿ ಸುಮಾರು 1.5 ಕೋಟಿಯಿದ್ದ ಮತದಾರರ ಸಂಖ್ಯೆ 2022ರಲ್ಲಿ 2.1 ಕೋಟಿ ದಾಟಿತು. 2020ರ ಫೆಬ್ರುವರಿಯಲ್ಲಿ ಸಂಸದರ ಪಕ್ಷಾಂತರದಿಂದ ಚುನಾಯಿತ ಸರ್ಕಾರ ಉರುಳಿದಾಗ ಬೆರ್ಸಿಹ್ ಅದನ್ನು ಜನಾದೇಶದ ಉಲ್ಲಂಘನೆಯೆಂದು ಖಂಡಿಸಿತು. 2022ರ ಅಕ್ಟೋಬರ್‌ನಲ್ಲಿ ಪಕ್ಷಾಂತರ ನಿಷೇಧ ಕಾನೂನು ಜಾರಿಗೆ ಬಂತು. 2018ರ ನಂತರ ಥಾಮಸ್ ಫಾನ್ ಅಧ್ಯಕ್ಷತೆಯಲ್ಲಿ ಒಕ್ಕೂಟ, ತಾನು ಬಯಸಿದ ಬದಲಾವಣೆಯಿಂದ ಬಂದ ಸರ್ಕಾರಗಳನ್ನೂ ಅದೇ ಅಳತೆಗೋಲಿನಿಂದ ಅಳೆಯಿತು.

ಮೌಲ್ಯಮಾಪನ

ಚಳವಳಿಯ ವಿರುದ್ಧ ಕೇಳಿಬಂದ ಮುಖ್ಯ ಆಕ್ಷೇಪ, ಅದು ವಿರೋಧ ಪಕ್ಷಗಳ ಮುಖವಾಡ ಎಂಬುದು. ಆರಂಭದಲ್ಲಿ ಪಕ್ಷಗಳು ಅದರೊಳಗೇ ಇದ್ದದ್ದು ನಿಜ. ಮರಿಯಾ ಚಿನ್ 2018ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟು ಸಂಸತ್ತಿಗೆ ಸ್ಪರ್ಧಿಸಿ ಗೆದ್ದದ್ದೂ ನಿಜ. ಆದರೆ ಶುದ್ಧ ಮತದಾರರ ಪಟ್ಟಿ ಯಾವ ಪಕ್ಷದ ಸ್ವತ್ತೂ ಆಗಲಾರದು. ಒಕ್ಕೂಟ ಕೇಳಿದ್ದೆಲ್ಲ ಆಡಳಿತಾತ್ಮಕವಾಗಿ ಸಾಧ್ಯವಿದ್ದ, ಬೇರೆ ಪ್ರಜಾಪ್ರಭುತ್ವಗಳಲ್ಲಿ ಸಹಜವಾಗಿರುವ ಸಂಗತಿಗಳು. ಅವುಗಳಿಗೆ ಅಶ್ರುವಾಯುವಿನ ಉತ್ತರ ಕೊಟ್ಟ ಸರ್ಕಾರವೇ ಚಳವಳಿಯನ್ನು ಮನೆಮನೆಗೆ ತಲುಪಿಸಿತು.

ಶಾಯಿ, ಸ್ವಯಂಚಾಲಿತ ನೋಂದಣಿ, ವಿದೇಶವಾಸಿಗಳಿಗೆ ಅಂಚೆ ಮತ, ಪಕ್ಷಾಂತರ ನಿಷೇಧ ಇಷ್ಟು ಸಾಧನೆಗಳು ಉಳಿದಿವೆ. ರಾಜಕೀಯ ಪಕ್ಷಗಳ ಹಣಕಾಸನ್ನು ನಿಯಂತ್ರಿಸುವ ಕಾನೂನು 2024ರ ಅಂತ್ಯದವರೆಗೂ ಬಂದಿರಲಿಲ್ಲ. ಮೂಲ ಅಸಮಾನತೆಯಂತೂ ಹಾಗೆಯೇ ಇದೆ. 2022ರ ಚುನಾವಣೆಯಲ್ಲಿ ಸೆಲಂಗೋರ್‌ನ ಬಾಂಗಿ ಕ್ಷೇತ್ರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು, ಸರವಾಕ್‌ನ ಇಗಾನ್‌ನಲ್ಲಿ 29 ಸಾವಿರಕ್ಕಿಂತ ಕಡಿಮೆ. ಬಾಂಗಿಯ ಹತ್ತು ಮತ ಇಗಾನ್‌ನ ಒಂದು ಮತಕ್ಕೆ ಸಮವಾಗಿರುವವರೆಗೆ ಬೆರ್ಸಿಹ್‌ನ ಕೆಲಸ ಮುಗಿದಂತಲ್ಲ.